ಉರಿಯೂತ ಇಳಿದ ಮೇಲೆ ಎಷ್ಟು ಹೆಜ್ಜೆ?

ಕಳೆದ ವರ್ಷ ಜುಲೈ ಮೊದಲ ವಾರ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತಿದ್ದರು. ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದರಂತೆ ಹೃದಯಾಘಾತದ ಸುದ್ದಿ ಬಂದು, ಏನೂ ತೊಂದರೆ ಇಲ್ಲದವರೂ ‘ಒಂದು ಸಲ ಇಸಿಜಿ ಮಾಡಿಸಿಬಿಡೋಣ’ ಎಂದು ಹೊರಟಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಮೇ ಮತ್ತು ಜೂನ್ ತಿಂಗಳ 24 ಸಾವುಗಳನ್ನು ಪರಿಶೀಲಿಸಿದ ಸಮಿತಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು ಎಂದಿತು. ಆದರೆ ಜಿಲ್ಲೆಯಲ್ಲಿ ಇಂಥ ಸಾವು ದಿಢೀರನೆ ಏರಿದೆ ಎನ್ನಲು ಆಧಾರವಿಲ್ಲ ಎಂದೂ ತಿಳಿಸಿತು. ಸಾಲು ಕರಗಿತು. ಭಯ ಮಾತ್ರ ಮನೆಮನೆಯಲ್ಲಿ ಉಳಿಯಿತು.

ನಾನು ಹಾಸನ ಜಿಲ್ಲೆಯವನು. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಕೆಲಸಕ್ಕೆಂದು ಚೆನ್ನೈಗೆ ಬಂದು ಏಳು ವರ್ಷವಾಯಿತು. ಮನೆ ಕೋಯಂಬೇಡಿನಲ್ಲಿ. ಊರಿನ ಆ ಸುದ್ದಿ ತಣ್ಣಗಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ನಾಲ್ಕು ದಿನ ಜ್ವರ ಬಂದು ಹೋಗಿ ಐದನೇ ದಿನ ನನಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಹೇಳಿದ್ದು: ಹೃದಯದ ಸ್ನಾಯುವಿಗೆ ಮತ್ತು ಅದರ ಹೊರ ಪೊರೆಗೆ ಉರಿಯೂತ. ಐದು ದಿನ ಒಳರೋಗಿಯಾಗಿದ್ದು ಮನೆಗೆ ಬಂದೆ.

ಮನೆಗೆ ಬಂದ ಮೇಲೆ ಎರಡು ದಿಕ್ಕಿನಿಂದ ಎರಡು ಮಾತು ಕೇಳತೊಡಗಿತು. ಊರಿಂದ ಅಮ್ಮ ದಿನಾ ಫೋನಿನಲ್ಲಿ, ‘ಮಗ, ಸುಮ್ನೆ ಮನೇಲಿರಪ್ಪ. ವಾಕಿಂಗೂ ಬೇಡ, ಗೀಕಿಂಗೂ ಬೇಡ’ ಎನ್ನುತ್ತಿದ್ದರು. ಆಫೀಸಿನವರದು ಇನ್ನೊಂದು: ‘ಡಿಸ್ಚಾರ್ಜ್ ಆಯ್ತಲ್ಲ, ಈಗ ಫಿಟ್ ತಾನೇ?’ ಒಬ್ಬರಿಗೆ ನಾನು ಇನ್ನೂ ರೋಗಿ, ಇನ್ನೊಬ್ಬರಿಗೆ ಆಗಲೇ ಗಟ್ಟಿಮುಟ್ಟು. ನಿಜ ಈ ಎರಡರ ನಡುವೆ ಇತ್ತು. ಅದು ಹಲವು ತಿಂಗಳು ಉದ್ದದ ದಾರಿ. ಆ ದಾರಿಯಲ್ಲಿ ನಿಧಾನವಾಗಿ ನಡೆಯುವುದೂ ಚಿಕಿತ್ಸೆಯೇ. ನಮ್ಮ ಮನೆಗಳು, ಕಚೇರಿಗಳು, ಸರ್ಕಾರದ ಯೋಜನೆಗಳು ಇನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಇದು. ಈ ಲೇಖನದ ವಿಷಯವೂ ಅದೇ.

ಇದು ಹೃದಯಾಘಾತವಲ್ಲ

ಮೊದಲು ಒಂದು ಗೊಂದಲ ತಿಳಿಯಾಗಲಿ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಉರಿಯೂತದಲ್ಲಿ ನಾಳಗಳು ಸರಿಯಾಗಿಯೇ ಇರಬಹುದು. ಆದರೆ ಹೃದಯದ ಸ್ನಾಯುವೇ ಬಾತು ಪೆಟ್ಟು ತಿಂದಿರುತ್ತದೆ. ಇದು ಮಯೋಕಾರ್ಡೈಟಿಸ್. ಹೃದಯವನ್ನು ಸುತ್ತಿಕೊಂಡಿರುವ ಪೊರೆ ಬಾತರೆ ಅದು ಪೆರಿಕಾರ್ಡೈಟಿಸ್. ಎರಡೂ ಒಟ್ಟಿಗೆ ಬರುವುದು ಅಪರೂಪವೇನಲ್ಲ. ಹೆಚ್ಚಿನ ಸಲ ಕಾರಣ ವೈರಸ್. ಕಾಕ್ಸಾಕಿ, ಅಡಿನೋ, ಇನ್‌ಫ್ಲುಯೆಂಜಾ, ಕೋವಿಡ್, ನಮ್ಮ ಊರುಗಳಲ್ಲಿ ಮಳೆಗಾಲ ಬಂದರೆ ಡೆಂಗಿ, ಇವುಗಳಲ್ಲಿ ಯಾವುದಾದರೂ ಆಗಬಹುದು. ವೈರಸ್ಸನ್ನು ಓಡಿಸಲು ದೇಹ ಎಬ್ಬಿಸಿದ ಸೈನ್ಯವೇ ಸ್ನಾಯುವಿಗೂ ಏಟು ಕೊಡುತ್ತದೆ.

ಇದು ಹೆಚ್ಚಾಗಿ ಕಾಡುವುದು ಹರೆಯದವರನ್ನು ಮತ್ತು ಮೂವತ್ತು, ನಲವತ್ತರ ಆಸುಪಾಸಿನವರನ್ನು, ಅದರಲ್ಲೂ ಗಂಡಸರನ್ನು. ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಎಲ್ಲ ಸರಿಯಿದ್ದವರಿಗೂ ಬರುತ್ತದೆ. ರಕ್ತದಲ್ಲಿ ಟ್ರೋಪೋನಿನ್ ಏರಿದೆಯೇ, ಇಸಿಜಿ ಬದಲಾಗಿದೆಯೇ, ಎಕೋದಲ್ಲಿ ಹೃದಯ ಎಷ್ಟು ಒತ್ತಿ ರಕ್ತ ಹೊರಗೆ ಕಳಿಸುತ್ತಿದೆ, ಎಂಆರ್‌ಐನಲ್ಲಿ ಸ್ನಾಯು ಎಲ್ಲಿ ಬಾತಿದೆ, ಎಲ್ಲಿ ಕಲೆ ಕಟ್ಟಿದೆ ಎಂದು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆರೋಗ್ಯವಂತ ಹೃದಯ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ಸುಮಾರು 55ರಿಂದ 70 ಶೇಕಡಾ ಹೊರಗೆ ತಳ್ಳುತ್ತದೆ. ಆಸ್ಪತ್ರೆ ಸೇರಿದ ದಿನ ನನ್ನದು 48 ಇತ್ತು. ಮೂರು ತಿಂಗಳ ನಂತರದ ಎಕೋದಲ್ಲಿ 58.

ನನ್ನ ಹಾಗೆ ಹೃದಯದ ಶಕ್ತಿ ಅಲ್ಪ ಮಾತ್ರ ಕುಗ್ಗಿದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಕೆಲವರಲ್ಲಿ ಕಲೆ ಉಳಿದು ಬಡಿತ ತಾಳ ತಪ್ಪುವ ಅಪಾಯವಿರುತ್ತದೆ, ಕೆಲವರಲ್ಲಿ ಹೃದಯ ದುರ್ಬಲವಾಗಿಯೇ ಉಳಿಯುತ್ತದೆ. ನಾವು ಯಾವ ಗುಂಪಿಗೆ ಸೇರುತ್ತೇವೆ ಎನ್ನುವುದು ಮೊದಲ ವಾರಗಳಲ್ಲಿ ಖಚಿತವಾಗುವುದಿಲ್ಲ. ಅದಕ್ಕೇ ಆ ವಾರಗಳು ಅಷ್ಟು ಮುಖ್ಯ.

ವಿಶ್ರಾಂತಿಯೇ ಮದ್ದು, ಏಕೆ?

‘ವ್ಯಾಯಾಮ ಹೃದಯಕ್ಕೆ ಒಳ್ಳೆಯದು’ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಉರಿಯೂತ ಇರುವಾಗ ಮಾತ್ರ ಆ ಮಾತು ತಿರುಗುಮುರುಗಾಗುತ್ತದೆ. 1970ರಲ್ಲಿ ಅಮೆರಿಕದ ಸಂಶೋಧಕರು ಕಾಕ್ಸಾಕಿ ವೈರಸ್ ತಗುಲಿಸಿದ ಇಲಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ನೀರಿನಲ್ಲಿ ಈಜಿಸಿದರು. ಈಜಿದ ಇಲಿಗಳ ಹೃದಯದಲ್ಲಿ ವೈರಸ್ ಬಹಳ ಪಟ್ಟು ಹೆಚ್ಚಾಗಿ ಬೆಳೆಯಿತು, ಸತ್ತ ಇಲಿಗಳೂ ಆ ಗುಂಪಿನಲ್ಲೇ ಹೆಚ್ಚು. ಬಾತ ಸ್ನಾಯುವಿಗೆ ದುಡಿಮೆ ಹೆಚ್ಚಿಸಿದರೆ ಪೆಟ್ಟೂ ಹೆಚ್ಚುತ್ತದೆ. ಬಡಿತ ಏರಿಸಿದರೆ ತಾಳ ತಪ್ಪುವ ಸಂಭವವೂ ಏರುತ್ತದೆ.

ಮನುಷ್ಯರ ಮಟ್ಟಿಗೆ ಇದನ್ನು ಕಹಿಯಾಗಿ ಕಲಿತ ದೇಶ ಸ್ವೀಡನ್. ಅಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟೀರಿಂಗ್ ಜನಪ್ರಿಯ ಆಟ. 1979ರಿಂದ 1992ರ ನಡುವೆ ಆ ಆಟದ 16 ಮಂದಿ ಹರೆಯದ ಓಟಗಾರರು ಇದ್ದಕ್ಕಿದ್ದಂತೆ ತೀರಿಕೊಂಡರು. ಪರೀಕ್ಷಿಸಿದಾಗ ಅವರಲ್ಲಿ ಹಲವರ ಹೃದಯದಲ್ಲಿ ಉರಿಯೂತದ ಗುರುತು ಸಿಕ್ಕಿತು. 1992ರ ಕೊನೆಯಲ್ಲಿ ಆರು ತಿಂಗಳ ಕಾಲ ಸ್ಪರ್ಧೆ, ತರಬೇತಿ ಎರಡನ್ನೂ ನಿಲ್ಲಿಸಿದರು. ಜ್ವರ, ಸೋಂಕು ಇರುವಾಗ ಓಡಕೂಡದೆಂದು ಓಟಗಾರರಿಗೆ ತಿಳಿಹೇಳಿದರು. ಆಮೇಲೆ ಆ ಸಾವಿನ ಸರಣಿ ನಿಂತಿತು.

ನಮ್ಮಲ್ಲಿ ಈ ವಿಷಯ ಮಾತಿಗೆ ಬಂದರೆ ತಕ್ಷಣ ನೆನಪಾಗುವುದು 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ದಿನ. ಅದು ಹೃದಯಾಘಾತ, ಉರಿಯೂತದ ಪ್ರಕರಣವಲ್ಲ. ಆದರೂ ಆ ದಿನದಿಂದ ಕನ್ನಡಿಗರ ಮನಸ್ಸಿನಲ್ಲಿ ಜಿಮ್ಮಿಗೂ ಸಾವಿಗೂ ಒಂದು ಗಂಟು ಬಿದ್ದಿದೆ. ಅಮ್ಮನ ‘ಬೇಡಪ್ಪ’ದ ಹಿಂದೆ ಹಾಸನದ ಸುದ್ದಿಯಷ್ಟೇ ಅಪ್ಪುವಿನ ನೆನಪೂ ಇದೆ. ಆ ಭಯವನ್ನು ತಳ್ಳಿಹಾಕುವುದು ಸುಲಭ. ಆದರೆ ಎಷ್ಟು ದಿನ ಬೇಡ, ಯಾವಾಗಿನಿಂದ ಬೇಕು ಎಂದು ಬಿಡಿಸಿ ಹೇಳಿದರೆ ಅದೇ ಭಯ ಎಚ್ಚರವಾಗುತ್ತದೆ.

ಮಲಗಿಯೇ ಇರುವುದೂ ಸಲ್ಲ

ಹಿಂದೆ ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಊಟವನ್ನೂ ಬೇರೆಯವರೇ ತಿನ್ನಿಸುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಎಬ್ಬಿಸಿ ಕೈಚಾಚು ಕುರ್ಚಿಯಲ್ಲಿ ಕೂರಿಸಿದರು. ಆಗ ಅದನ್ನು ದುಸ್ಸಾಹಸ ಎಂದವರೇ ಹೆಚ್ಚು. ಆದರೆ ಕುಳಿತವರು ಬೇಗ ಚೇತರಿಸಿಕೊಂಡರು. ಇಂದಿನ ಹೃದಯ ಪುನಶ್ಚೇತನ ಪದ್ಧತಿಯ ಬೇರು ಅಲ್ಲಿದೆ. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮನಸ್ಸು ಕುಗ್ಗುತ್ತದೆ. ಎರಡು ವಾರ ಮಲಗೆದ್ದವರಿಗೆ ಬಚ್ಚಲುಮನೆಗೆ ಹೋಗಿ ಬಂದರೂ ಏದುಸಿರು ಬರುತ್ತದೆ. ಆ ಏದುಸಿರನ್ನೇ ರೋಗವೆಂದು ಹೆದರಿ ಮತ್ತೆ ಮಲಗುತ್ತಾರೆ.

ಹಾಗಾದರೆ ಎಷ್ಟು ದಿನ ವಿಶ್ರಾಂತಿ? ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2015ರಲ್ಲಿ, ಮಯೋಕಾರ್ಡೈಟಿಸ್ ಆದ ಕ್ರೀಡಾಪಟುಗಳು 3ರಿಂದ 6 ತಿಂಗಳು ಸ್ಪರ್ಧೆಗೆ ಇಳಿಯಬಾರದು ಎಂದಿದ್ದವು. ಯುರೋಪಿನ ಹೃದ್ರೋಗ ತಜ್ಞರ ಸಂಘ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಕ್ರೀಡಾಪಟುವಾಗಲಿ ಅಲ್ಲದಿರಲಿ, ಕನಿಷ್ಠ ಒಂದು ತಿಂಗಳು ದೈಹಿಕ ಶ್ರಮ ಬೇಡ, ಆಮೇಲೆ ಒಬ್ಬೊಬ್ಬರ ಪರೀಕ್ಷೆ ನೋಡಿ ತೀರ್ಮಾನಿಸಿ ಎನ್ನುತ್ತದೆ. ಅಂದರೆ ಕ್ಯಾಲೆಂಡರಿನ ಜತೆಗೆ ವರದಿಗಳೂ ಮಾತಾಡಬೇಕು. ರಕ್ತಪರೀಕ್ಷೆ ಸಹಜ ಸ್ಥಿತಿಗೆ ಬಂದಿರಬೇಕು, ಎಕೋ ಸುಧಾರಿಸಿರಬೇಕು, 24 ಗಂಟೆ ಕಟ್ಟಿಕೊಂಡ ಹೋಲ್ಟರ್ ಯಂತ್ರದಲ್ಲಿ ಬಡಿತ ತಾಳ ತಪ್ಪಿರಬಾರದು, ವೈದ್ಯರ ಮುಂದೆ ಟ್ರೆಡ್‌ಮಿಲ್ ಮೇಲೆ ನಡೆದಾಗ ತೊಂದರೆ ಕಾಣಬಾರದು.

ಬಯರ್ನ್ ಮ್ಯೂನಿಕ್ ತಂಡದ ಆಟಗಾರ ಅಲ್ಫೋನ್ಸೊ ಡೇವಿಸ್ ಅವರಿಗೆ ಕೋವಿಡ್ ನಂತರ 2022ರ ಜನವರಿಯಲ್ಲಿ ಲಘು ಮಯೋಕಾರ್ಡೈಟಿಸ್ ಪತ್ತೆಯಾಯಿತು. ಮೈದಾನಕ್ಕೆ ಮರಳಿದ್ದು ಏಪ್ರಿಲ್‌ನಲ್ಲಿ. ಜಗತ್ತಿನ ಅತಿ ವೇಗದ ಓಟಗಾರ ಆಟಗಾರರಲ್ಲಿ ಒಬ್ಬರು, ದೊಡ್ಡ ವೈದ್ಯರ ತಂಡ ಬೆನ್ನಿಗಿದ್ದೂ, ಸುಮಾರು ಮೂರು ತಿಂಗಳು ಕಾದರು. ಕೀಬೋರ್ಡ್ ಕುಟ್ಟುವ ನಮಗೆ ಮೂರು ವಾರದಲ್ಲಿ ಗುಣವಾಗಬೇಕೆಂಬ ಅವಸರ ಏಕೆ?

ಬೆಂಚಿನಿಂದ ಬೆಂಚಿಗೆ

ನನ್ನ ವೈದ್ಯರು ಮೊದಲ ದಿನ ಹೇಳಿದ್ದು ನನ್ನ ವಿಳಾಸ ನೋಡಿಯೇ ಇರಬೇಕು: ‘ವ್ಯಾಯಾಮದ ಮಾತು ಹಾಗಿರಲಿ, ಬಸ್ ಹಿಡಿಯುವುದಕ್ಕೂ ಓಡಬೇಡಿ.’ ಬಸ್ ನಿಲ್ದಾಣ, ಸಗಟು ಮಾರುಕಟ್ಟೆ, ಮೆಟ್ರೋ ಮೂರೂ ಇರುವ ಕೋಯಂಬೇಡಿನಲ್ಲಿ ಓಡದೆ ಇರುವುದೇ ಒಂದು ಸಾಧನೆ. ಬೆಂಗಳೂರು ಬಸ್ಸಿಗೆ ಬ್ಯಾಗ್ ಹೊತ್ತು ಓಡುವವರು, ನೂರಡಿ ರಸ್ತೆ ದಾಟಲು ಓಡುವವರು, ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ‘ವಳಿ, ವಳಿ’ ಎಂದು ಕೂಗುತ್ತ ಓಡುವವರು. ಪಾದಚಾರಿ ದಾರಿ ಇದ್ದಲ್ಲಿ ಬೈಕ್ ನಿಂತಿರುತ್ತದೆ. ಇಲ್ಲದಲ್ಲಿ ಕೋಸಿನ ಎಲೆ ಕೊಳೆತು ಕಾಲು ಜಾರುತ್ತದೆ.

ಮೊದಲ ತಿಂಗಳು ಮನೆಯೊಳಗಿನ ಓಡಾಟ ಮಾತ್ರ. ನಂತರ ವೈದ್ಯರ ಒಪ್ಪಿಗೆ ಪಡೆದು ಸಮತಟ್ಟಾದ ಜಾಗದಲ್ಲಿ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಅದಕ್ಕೆ ನಾನು ಆರಿಸಿಕೊಂಡ ಜಾಗ ಕೋಯಂಬೇಡಿನಿಂದ ಮೆಟ್ರೋದಲ್ಲಿ ಎರಡನೇ ನಿಲ್ದಾಣವಾದ ಅಣ್ಣಾನಗರದ ಟವರ್ ಪಾರ್ಕ್. 1968ರಲ್ಲಿ ವಿಶ್ವ ವ್ಯಾಪಾರ ಮೇಳಕ್ಕೆಂದು ಕಟ್ಟಿದ 135 ಅಡಿ ಎತ್ತರದ ಗೋಪುರ ಅಲ್ಲಿದೆ. ಇಲ್ಲಿನ ಕನ್ನಡಿಗರಲ್ಲೂ ಹಲವರಿಗೆ ತಿಳಿದಿಲ್ಲ, ಆ ಉದ್ಯಾನದ ಅಧಿಕೃತ ಹೆಸರು ಡಾ. ವಿಶ್ವೇಶ್ವರಯ್ಯ ಟವರ್ ಪಾರ್ಕ್. ನೂರು ವರ್ಷ ದಾಟಿ ಬಾಳಿದ ನಮ್ಮ ಸರ್ ಎಂ.ವಿ. ಅವರ ಹೆಸರಿನ ತೋಟದಲ್ಲಿ ನಡಿಗೆ ಕಲಿಯುವುದು ಒಂದು ಸಮಾಧಾನ. ಬಹಳ ವರ್ಷ ಮುಚ್ಚಿದ್ದ ಗೋಪುರ 2023ರಲ್ಲಿ ಮತ್ತೆ ತೆರೆಯಿತು. ನಾನು ಇನ್ನೂ ಹತ್ತಿಲ್ಲ. ಹತ್ತುವ ಸರದಿ ಬರುತ್ತದೆ.

ಆ ಉದ್ಯಾನದಲ್ಲಿ ನನಗೆ ಬೇಕಾದದ್ದು ಬೆಂಚುಗಳು. ಒಂದು ಬೆಂಚಿನಿಂದ ಮುಂದಿನ ಬೆಂಚಿಗೆ ನಡೆದು, ಕುಳಿತು, ಉಸಿರು ಸಮವಾದ ಮೇಲೆ ಮತ್ತೊಂದಕ್ಕೆ. ಕೆಲವು ದಿನಕ್ಕೊಮ್ಮೆ ಎರಡು ನಿಮಿಷ ಹೆಚ್ಚಿಸುವುದು. ನಮ್ಮ ಕೆಲಸದಲ್ಲಿ ಬಿದ್ದು ಎದ್ದ ಸರ್ವರ್ ಮೇಲೆ ಯಾರೂ ಪೂರ್ತಿ ಲೋಡ್ ಒಮ್ಮೆಗೇ ಹಾಕುವುದಿಲ್ಲ. ಐದು ಶೇಕಡಾ ಬಿಟ್ಟು, ನೋಡಿ, ಆಮೇಲೆ ಹತ್ತು ಬಿಡುತ್ತಾರೆ. ಯಂತ್ರಕ್ಕೆ ತೋರಿಸುವ ಈ ತಾಳ್ಮೆಯನ್ನು ಎದೆಗೂ ತೋರಿಸಿದರೆ ಸಾಕು.

ಎಷ್ಟು ಶ್ರಮ ಸಾಕು ಎಂದು ತಿಳಿಯುವುದು ಹೇಗೆ? ಅತಿ ಸರಳ ಪರೀಕ್ಷೆ ಮಾತು. ನಡೆಯುತ್ತ ಪೂರ್ತಿ ವಾಕ್ಯ ಆಡಲು ಆಗಬೇಕು. ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಜಾಸ್ತಿಯಾಗಿದೆ ಎಂದರ್ಥ. ಇನ್ನೊಂದು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ. ನಮಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದಕ್ಕೆ 6ರಿಂದ 20ರವರೆಗೆ ಅಂಕ ಕೊಟ್ಟುಕೊಳ್ಳುವುದು. 6ರಿಂದಲೇ ಏಕೆ? ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾಡಿಬಡಿತ ಬರಲಿ ಎಂದು: ಸುಮ್ಮನೆ ಕುಳಿತಾಗ 60, ತುತ್ತತುದಿಯಲ್ಲಿ 200. ನನಗೆ ಹಾಕಿಕೊಟ್ಟ ಗಡಿ 11, ಅಂದರೆ ‘ಹಗುರ’. ಕೈಗಡಿಯಾರ ತೋರಿಸುವ ಬಡಿತವನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಮಾತ್ರೆಯಿಂದಲೇ ಕಡಿಮೆ ಇರುತ್ತದೆ. ಗಡಿಯಾರ ‘ಆರಾಮು’ ಎನ್ನುತ್ತದೆ, ದೇಹ ದಣಿದಿರುತ್ತದೆ.

ಚೆನ್ನೈನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ, ಸೆಕೆ. ಮೈ ತಂಪಾಗಿಡಲು ಹೃದಯ ಚರ್ಮಕ್ಕೂ ಹೆಚ್ಚು ರಕ್ತ ಕಳಿಸಬೇಕು. ಬೆವರು ಆರದ ಊರಿನಲ್ಲಿ ಅದೇ ನಡಿಗೆಗೆ ಬಡಿತ ಹೆಚ್ಚು. ಹಾಸನದ ಬೆಳಗಿನ ಚಳಿಯಲ್ಲಿ ಹದಿನೈದು ನಿಮಿಷ ಸಲೀಸಾದರೆ ಇಲ್ಲಿ ಹತ್ತಕ್ಕೇ ಸಾಕೆನಿಸಬಹುದು. ಮಾರ್ಗಳಿ ತಿಂಗಳ ತಂಪು ನನ್ನ ಅದೃಷ್ಟ. ಬೇಸಿಗೆಯಲ್ಲಿ ಚೇತರಿಸಿಕೊಳ್ಳುವವರು ಬೆಳಿಗ್ಗೆ ಆರೂವರೆಯೊಳಗೆ ನಡಿಗೆ ಮುಗಿಸುವುದು ಲೇಸು.

ಯೋಗದ ಬಗ್ಗೆಯೂ ಒಂದು ಮಾತು. ‘ಯೋಗವಾದರೆ ಏನೂ ಆಗೋದಿಲ್ಲ, ಸೂರ್ಯನಮಸ್ಕಾರ ಶುರು ಮಾಡು’ ಎಂದವರು ಒಬ್ಬಿಬ್ಬರಲ್ಲ. ಬಿರುಸಾಗಿ ಹನ್ನೆರಡು ಸುತ್ತು ಸೂರ್ಯನಮಸ್ಕಾರ ಮಾಡಿದರೆ ಬಡಿತ ಎಷ್ಟು ಏರುತ್ತದೆಂದು ಮಾಡಿದವರಿಗೆ ಗೊತ್ತು. ಉಸಿರು ಬಿಗಿಹಿಡಿಯುವ ಕುಂಭಕ, ಹೊಟ್ಟೆ ಎಳೆದು ಬಿಡುವ ಕಪಾಲಭಾತಿ, ತೋಳಿನ ಮೇಲೆ ಮೈಭಾರ ಹೊರುವ ಆಸನ ಇವೆಲ್ಲ ವೈದ್ಯರನ್ನು ಕೇಳಿದ ಮೇಲೆ. ನೀರಿನ ಕ್ಯಾನ್ ಎತ್ತುವುದು, ಅಕ್ಕಿ ಮೂಟೆ ಜರುಗಿಸುವುದೂ ಇದೇ ಪಟ್ಟಿಗೆ ಸೇರುತ್ತವೆ. ಸದ್ದಿಲ್ಲದ ಉಸಿರಾಟ, ಕೈಕಾಲು ಸಡಿಲಿಸುವುದು, ಶವಾಸನ ಇವಕ್ಕೆ ಸಾಮಾನ್ಯವಾಗಿ ತಕರಾರಿಲ್ಲ.

ನಿಲ್ಲಿಸಬೇಕಾದ ಗುರುತುಗಳನ್ನು ನಾನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಎದೆನೋವು, ಎದೆ ಡವಗುಟ್ಟುವುದು, ತಲೆ ತಿರುಗುವುದು, ಹಿಂದಿನ ದಿನ ಬಾರದ ಏದುಸಿರು ಇವುಗಳಲ್ಲಿ ಒಂದು ಕಂಡರೂ ಅಲ್ಲೇ ಕೂರುವುದು, ವೈದ್ಯರಿಗೆ ಫೋನ್ ಮಾಡುವುದು. ನೋವು ನಿಲ್ಲದಿದ್ದರೆ, ಪ್ರಜ್ಞೆ ತಪ್ಪಿದಂತಾದರೆ ನೇರ 108. ಮಾರನೇ ದಿನ ಬೆಳಿಗ್ಗೆ ಮೈ ಭಾರವೆನಿಸಿದರೆ ಹಿಂದಿನ ಮಟ್ಟಕ್ಕೆ ಇಳಿಯುವುದು. ನೆಗಡಿ, ಜ್ವರ ಬಂದರೆ ನಡಿಗೆಗೆ ರಜೆ. ನಾನು ವೈದ್ಯನಲ್ಲ. ಇಲ್ಲಿ ಬರೆದ ನಿಮಿಷಗಳು ನನ್ನ ವರದಿಗಳಿಗೆ ಹೊಂದಿಸಿದವು. ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರೇ ಹಾಕಿಕೊಡಬೇಕು.

ಹತ್ತು ಸಾವಿರ ಹೆಜ್ಜೆಯ ಪಂದ್ಯ

ನಾನು ಐದು ನಿಮಿಷದಿಂದ ಎಂಟು ನಿಮಿಷಕ್ಕೆ ಬಂದಿದ್ದ ವಾರ ನಮ್ಮ ಆಫೀಸಿನಲ್ಲಿ ‘ಆರೋಗ್ಯ ಮಾಸ’ ಆರಂಭವಾಯಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ತಂಡಗಳ ನಡುವೆ ಪಂದ್ಯ, ಎಲ್ಲರ ಹೆಜ್ಜೆ ಎಲ್ಲರಿಗೂ ಕಾಣುವ ಪಟ್ಟಿ. ನಾನು ಕಾಯಿಲೆಯ ಕಾರಣ ಕೊಟ್ಟು ಹಿಂದೆ ಸರಿದೆ. ಒಪ್ಪಿದರು. ಆದರೆ ತಂಡದ ಸರಾಸರಿ ಲೆಕ್ಕದಿಂದ ನನ್ನ ಹೆಸರು ತೆಗೆಯಲು ತಂತ್ರಾಂಶದಲ್ಲಿ ಅವಕಾಶವಿಲ್ಲವಂತೆ. ತಿಂಗಳಿಡೀ ನನ್ನ ಹೆಸರಿನ ಮುಂದೆ ಕೆಂಪು ಬಣ್ಣ.

ಕೆಂಪು ಬಣ್ಣದಿಂದ ನನಗೆ ನಷ್ಟವಾಗಲಿಲ್ಲ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ, ಖಾಯಂ ಆಗುವುದನ್ನು ಕಾಯುತ್ತಿರುವ ಇಪ್ಪತ್ತಮೂರರ ಹುಡುಗನೊಬ್ಬ ಜ್ವರದಿಂದ ಎದ್ದ ವಾರವೇ ಅಂಥ ಪಟ್ಟಿ ನೋಡಿದರೆ ಏನು ಮಾಡುತ್ತಾನೆ? ಓಡುತ್ತಾನೆ. ಸ್ವೀಡನ್ನಿನ ಕಾಡಿನಲ್ಲಿ ಆದದ್ದೂ ಇಂಥದ್ದೇ ಇರಬೇಕು.

ಅಂದಹಾಗೆ, ಹತ್ತು ಸಾವಿರ ಎಂಬ ಅಂಕಿ ವೈದ್ಯರು ಕೊಟ್ಟದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ಮಾರುಕಟ್ಟೆಗೆ ತಂದು ‘ಮಾನ್ಪೊಕೆ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಹೆಸರಿಟ್ಟಿತು. ಆರು ದಶಕದ ಹಿಂದಿನ ಜಾಹೀರಾತಿನ ಹೆಸರು ಇಂದು ನಮ್ಮ ಮಣಿಕಟ್ಟಿನ ಮೇಲೆ ಕುಳಿತಿದೆ. ಆರೋಗ್ಯವಂತರು ನಡೆಯಲಿ, ಸಂತೋಷ. ಆದರೆ ಇಂಥ ಪಂದ್ಯ ನಡೆಸುವ ಕಂಪನಿಗಳು ಎರಡು ನಿಯಮ ಹಾಕಿಕೊಳ್ಳುವುದು ಕಷ್ಟವಲ್ಲ: ಜ್ವರದಿಂದ, ಶಸ್ತ್ರಚಿಕಿತ್ಸೆಯಿಂದ, ಹೆರಿಗೆಯಿಂದ ಎದ್ದವರ ಹೆಸರು ಕಾರಣ ಕೇಳದೆ ಪಟ್ಟಿಯಿಂದ ತೆಗೆಯಬೇಕು. ಯಾರ ಅಂಕಿಯೂ ಇನ್ನೊಬ್ಬರಿಗೆ ಕಾಣಬಾರದು.

ಹನ್ನೆರಡು ದಿನದ ರಜೆ, ಮೂರು ತಿಂಗಳ ಕಾಯಿಲೆ

ತಮಿಳುನಾಡಿನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ರಜೆ ವರ್ಷಕ್ಕೆ 12 ದಿನ. ಕರ್ನಾಟಕದ 1961ರ ಕಾಯ್ದೆಯಲ್ಲೂ 12 ದಿನ. ಮಾರ್ಗಸೂಚಿ ಕೇಳುವುದು ಕನಿಷ್ಠ ಒಂದು ತಿಂಗಳು. ಲೆಕ್ಕ ಕೂಡುವುದಿಲ್ಲ. ಇಎಸ್‌ಐಗೆ ಒಳಪಟ್ಟ ಕಾರ್ಮಿಕರಿಗೆ ಕಾಯಿಲೆ ಕಾಲದಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡಾ ಸಿಗುತ್ತದೆ. ಆದರೆ ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚು ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಯ ಹೊರಗೆ. ಅವರಿಗೆ ಕಂಪನಿಯ ಧೋರಣೆಯೇ ದಿಕ್ಕು. ಮನೆಯಿಂದ ಕೆಲಸ ಮಾಡುವ ಅವಕಾಶ ಸಿಕ್ಕವನು ನಾನು, ಪುಣ್ಯವಂತ.

ನಮ್ಮ ಬೀದಿಯ ಆಚೆ ಬದಿಯ ಮಾರುಕಟ್ಟೆಯನ್ನು ನೋಡಿ. 1996ರಲ್ಲಿ ಆರಂಭವಾದ ಆ ಸಗಟು ಮಾರುಕಟ್ಟೆಗೆ ಕೋಲಾರದ ಟೊಮೆಟೊ ಲಾರಿಗಳೂ ಬರುತ್ತವೆ. ರಾತ್ರಿಯಿಡೀ ಅವನ್ನು ಇಳಿಸುವವರಿಗೆ ಈ ಕಾಯಿಲೆ ಬಂದರೆ? ‘ಮೂರು ತಿಂಗಳು ಭಾರ ಎತ್ತಬೇಡಿ’ ಎಂದು ವೈದ್ಯರು ಚೀಟಿ ಬರೆಯುವುದು ಸುಲಭ. ಭಾರ ಎತ್ತುವುದೇ ಹೊಟ್ಟೆಪಾಡಾದವರು ಆ ಚೀಟಿಯನ್ನು ಎಷ್ಟು ದಿನ ಪಾಲಿಸಿಯಾರು? ನಿಧಾನವಾಗಿ ಚೇತರಿಸಿಕೊಳ್ಳುವುದು ಸಂಬಳವಿರುವವರಿಗೆ ಮಾತ್ರ ಸಿಗುವ ಸೌಲಭ್ಯವಾಗಿ ಉಳಿದಿದೆ.

ಕರ್ನಾಟಕ ಸರ್ಕಾರ ಪುನೀತ್ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆ ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ ಹೃದಯಾಘಾತವನ್ನು ಬೇಗ ಗುರುತಿಸುವ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಒಳ್ಳೆಯ ಕೆಲಸ. ಮೊದಲ ಗಂಟೆಯನ್ನು ಅದು ಕಾಯುತ್ತದೆ. ಆಮೇಲಿನ ತೊಂಬತ್ತು ದಿನವನ್ನು ಕಾಯುವವರು ಯಾರು? ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹೃದ್ರೋಗಿಗಳಿಗೆ ನಡಿಗೆ ಕಲಿಸುವ ಫಿಸಿಯೊಥೆರಪಿಸ್ಟ್ ಒಬ್ಬರು, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಪಟ್ಟಿಯ ಜತೆಗೆ ‘ಈ ವಾರ ಇಷ್ಟು ನಿಮಿಷ’ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ, ಸಂದೇಹ ಬಂದರೆ ಕೇಳಲು ಒಂದು ಫೋನ್ ನಂಬರ್. ಇಷ್ಟಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ನಗರಪಾಲಿಕೆಗಳು ಇದಕ್ಕೆ ಕೂಡಿಸಬೇಕಾದದ್ದು ಎಡವದ ಪಾದಚಾರಿ ದಾರಿ ಮತ್ತು ನೂರು ಹೆಜ್ಜೆಗೊಂದು ಬೆಂಚು.

ಹೊರನಾಡಿನಲ್ಲಿ ನಾವು

ಊರು ಬಿಟ್ಟು ಬಂದವರಿಗೆ ಕಾಯಿಲೆಗಿಂತ ಕಾಯಿಲೆಯ ನಂತರದ ದಿನಗಳು ಕಷ್ಟ. ಆಸ್ಪತ್ರೆಯಲ್ಲಿರುವಾಗ ಗೆಳೆಯರು ಬರುತ್ತಾರೆ, ಊರಿಂದ ಯಾರಾದರೂ ಬಸ್ ಹತ್ತುತ್ತಾರೆ. ಮೂರನೇ ವಾರಕ್ಕೆ ಎಲ್ಲರೂ ಅವರವರ ಕೆಲಸಕ್ಕೆ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಕುಳಿತು ಎದೆಯಲ್ಲಿ ಸಣ್ಣ ಚಳಕು ಬಂದರೆ ‘ಇದು ಗ್ಯಾಸೋ, ಮತ್ತೆ ಅದೋ’ ಎಂದು ಯಾರನ್ನು ಕೇಳುವುದು? ಊರಿಗೆ ಹೇಳಿದರೆ ಅಮ್ಮನಿಗೆ ನಿದ್ದೆ ಹೋಗುತ್ತದೆ ಎಂದು ಮುಚ್ಚಿಡುತ್ತೇವೆ. ಮುಚ್ಚಿಟ್ಟದ್ದು ಅವರಿಗೆ ದನಿಯಲ್ಲೇ ಗೊತ್ತಾಗುತ್ತದೆ.

ನಾನು ಕಂಡುಕೊಂಡ ಒಂದು ಉಪಾಯ ಹೇಳುತ್ತೇನೆ. ನಡಿಗೆಯ ಹೊತ್ತಿನಲ್ಲೇ ಅಮ್ಮನಿಗೆ ಫೋನ್ ಮಾಡುತ್ತೇನೆ. ಮಾತಿನ ಪರೀಕ್ಷೆಯೂ ಆಯಿತು, ಮಾತೂ ಆಯಿತು. ನನ್ನ ಉಸಿರು ಎಳೆದರೆ ನನಗಿಂತ ಮೊದಲು ಅವರಿಗೆ ಕೇಳುತ್ತದೆ. ‘ಕೂತ್ಕೊಳಪ್ಪ ಒಂಚೂರು’ ಎನ್ನುತ್ತಾರೆ. ವಾಕಿಂಗೇ ಬೇಡ ಎನ್ನುತ್ತಿದ್ದವರು ಈಗ ‘ಇವತ್ತು ಎಷ್ಟು ಬೆಂಚು?’ ಎಂದು ಕೇಳುತ್ತಾರೆ. ವರದಿ ನೋಡಿ ವೈದ್ಯರು ನಡಿ ಎಂದಿದ್ದಾರೆ, ಇಷ್ಟೇ ನಡಿ ಎಂದಿದ್ದಾರೆ, ಎಂದು ಮನೆಯವರಿಗೆ ಬಿಡಿಸಿ ಹೇಳಿದರೆ ಭಯ ಅರ್ಧ ಇಳಿಯುತ್ತದೆ.

ಎಲ್ಲ ಊರುಗಳಲ್ಲೂ ನಮ್ಮ ಕನ್ನಡ ಸಂಘಗಳಿವೆ. ರಾಜ್ಯೋತ್ಸವ, ಯುಗಾದಿ ಚೆನ್ನಾಗಿಯೇ ಮಾಡುತ್ತೇವೆ. ಅದರ ಜತೆಗೆ ಕಾಯಿಲೆಯಿಂದ ಎದ್ದವರ ಪಕ್ಕದಲ್ಲಿ ವಾರಕ್ಕೆ ಎರಡು ದಿನ ನಿಧಾನವಾಗಿ ನಡೆಯುವ ಒಬ್ಬ ಜತೆಗಾರನನ್ನು ಕೊಡಲು ಸಂಘಕ್ಕೆ ಖರ್ಚೇನಿಲ್ಲ. ಅಷ್ಟು ನಿಧಾನ ನಡೆಯುವ ತಾಳ್ಮೆ ಇರುವವರು ಬೇಕು, ಅಷ್ಟೇ. ನಿವೃತ್ತರಲ್ಲಿ ಅಂಥವರು ಬಹಳ ಮಂದಿ ಇದ್ದಾರೆ.

ಈಗ ನಾಲ್ಕನೇ ತಿಂಗಳು. ನನ್ನ ನಡಿಗೆ ಇಪ್ಪತ್ತೆರಡು ನಿಮಿಷಕ್ಕೆ ಬಂದಿದೆ. ಆರನೇ ತಿಂಗಳಿಗೆ ಇನ್ನೊಂದು ಎಂಆರ್‌ಐ ಇದೆ, ಅದರ ಮೇಲೆ ಮುಂದಿನ ಮಾತು. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಇದೇ ಕಾಯಿಲೆಯಿಂದ ಎದ್ದು ಪುಣೆಯಲ್ಲೋ ದುಬೈನಲ್ಲೋ ಕುಳಿತಿದ್ದರೆ, ಮುಂದಿನ ಸಲ ವೈದ್ಯರನ್ನು ಕಂಡಾಗ ‘ಯಾವಾಗ ಗುಣವಾಗುತ್ತೆ?’ ಎಂದು ಕೇಳುವುದರ ಜತೆಗೆ ‘ಈ ವಾರ ಎಷ್ಟು ನಿಮಿಷ ನಡೆಯಲಿ?’ ಎಂದೂ ಕೇಳಿ. ಕಂಪನಿಯಲ್ಲಿ ಮ್ಯಾನೇಜರ್ ಆಗಿರುವವರು, ಕಾಯಿಲೆಯಿಂದ ಮರಳಿದವರಿಗೆ ‘ಫಿಟ್ ತಾನೇ?’ ಎನ್ನುವ ಬದಲು ‘ಡಾಕ್ಟರು ಎಷ್ಟು ಹೊತ್ತು ಕೆಲಸ ಮಾಡಬಹುದು ಅಂದಿದ್ದಾರೆ?’ ಎಂದು ಕೇಳಿ. ಉತ್ತರ ಎಷ್ಟೇ ಬರಲಿ, ಅಷ್ಟಕ್ಕೇ ಒಪ್ಪಿಕೊಳ್ಳಿ.